ಗಂಜಿ ಹಾಕಿದ ಜೀನ್ಸ್

ಶಿಕಾಗೊ, ಗುರುವಾರ

ಅಮ್ಮಾ,

ನೀನು ಗಂಜಿ ಹಾಕಿ, ಇಸ್ತ್ರಿ ಗೆರೆ ನಿಲ್ಲಿಸಿ ಕೊಟ್ಟ ಜೀನ್ಸ್ ನೋಡಿ ನಮ್ಮ ಪ್ರಕಾಶನದ ಒಡತಿ ಮಾರ್ಸಿ, "ಲಿಯೋನಾ, ಈ ಗೆರೇಲಿ ಬ್ರೆಡ್ ಕೊಯ್ಬಹುದು ಕಣೇ!" ಎಂದು ನಕ್ಕಿದ್ದರು. ನಮ್ಮೂರಲ್ಲಿ ಇದೇ ಮರ್ಯಾದೆಯ ಉಡುಪು, ಚರ್ಚಿಗೂ ಹೀಗೇ ಹೋಗುತ್ತೇವೆ ಎಂದು ಅವರಿಗೇನು ಗೊತ್ತು! ಈಗ ಒಗೆದು ಒಗೆದು ಆ ಗೆರೆ ಅಳಿಸಿದೆ.

ಇವತ್ತು ನಮ್ಮ ಟೆಕ್ಸಸ್ ಕಡೆಯ ದನಗಾಹಿ ಹಾಸ್ಕೆಲ್ ತಾತ ತಮ್ಮ ಆತ್ಮಕತೆಯ ಒಪ್ಪಂದಕ್ಕೆ ಬಂದಿದ್ದರು. ಎಲ್ಲರ ಮುದುರಿದ ಜೀನ್ಸ್ ನೋಡಿ, "ಯಾರ ಮನೇಲೂ ಇಸ್ತ್ರಿಪೆಟ್ಟಿಗೆ ಇಲ್ವೇನ್ರಮ್ಮ?" ಎಂದು ಸಹಿ ಹಾಕದೆ ಎದ್ದುಹೋದರು. ಮುಂದಿನ ತಿಂಗಳು ಮತ್ತೆ ಬರುತ್ತಾರಂತೆ.

ಮಾರ್ಸಿ ಈಗ, "ಆ ಬ್ರೆಡ್ ಕೊಯ್ಯೋ ಜೀನ್ಸ್ ಹಾಕ್ಕೊಂಡು ನೀನೇ ಮಾತಾಡು. ತಾತ ಒಪ್ಪಿದ್ರೆ ನಿನ್ನ ಕೆಲಸ ಕಾಯಂ" ಅನ್ನುತ್ತಾರೆ!

ನನ್ನ ಕೈಗೆ ಆ ಗೆರೆ ಬರುತ್ತಿಲ್ಲ. ದಯವಿಟ್ಟು ಎರಡು ಜೀನ್ಸ್ ಕಳಿಸು. ದೊಡ್ಡ ಸೊಂಟದ್ದು ಮಾರ್ಸಿಗೆ, ಅವರೇ ಕೇಳಿದ್ದು. ಅದಕ್ಕೆ ಗಂಜಿ ಕೊಂಚ ಹೆಚ್ಚೇ ಹಾಕು. ಕೂರುವುದಕ್ಕೆ ಕಷ್ಟವಾಗಲಿ.

ನಿನ್ನ
ಲಿಯೋನಾ