ಹದಿನೇಳನೆಯವನ ಸರದಿ

ಜುಲೈ 1, ಸೋಮವಾರ. ಬೆಳಿಗ್ಗೆ 7.35, ರೈಲಿನಲ್ಲಿ

ಇಂದು ಬೈಕ್ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದು ನಾಲ್ಕನೆಯ ನಂಬರಿನ ಜಾಕೆಟ್ಟಿನ ಸವಾರಳು. ಪ್ರಾನೀ. ಮನೆಯಿಂದ ರೈಲು ನಿಲ್ದಾಣಕ್ಕೆ 1,150 ಮೀಟರ್. ಬೈಕ್ ಟ್ಯಾಕ್ಸಿಯಲ್ಲಿ ಮೂರೂವರೆ ನಿಮಿಷ. ಹೆಲ್ಮೆಟ್ಟಿನ ಒಳಪದರ ಒದ್ದೆ. ಯಾರದೋ ಬೆವರು, ಯಾರದೋ ತಲೆಯೆಣ್ಣೆ — ಬ್ಯಾಂಕಾಕಿನ ಅರ್ಧ ಜನ ನೆತ್ತಿಯ ಮೇಲೆ ಕುಳಿತಂತೆ. ಗದ್ದದ ಪಟ್ಟಿ ಜಿಗುಟು. ಕರವಸ್ತ್ರ ಮಡಿಸಿ ಒಳಗಿಟ್ಟುಕೊಂಡೆ. ಪ್ರಾನೀ ಕನ್ನಡಿಯಲ್ಲಿ ನೋಡಿದಳು.

"ಏನ್ ಇಂಜಿನಿಯರ್ ಸಾಹೇಬ್ರೆ, ತಲೆಗೆ ಬ್ಯಾಂಡೇಜಾ?"

ಪಟ್ಟಿ ಬಿಗಿದುಕೊಂಡೆ. ಲಿಫ್ಟುಗಳ ಸುರಕ್ಷತೆ ಪರೀಕ್ಷಿಸುವುದು ನನ್ನ ವೃತ್ತಿ. ಅವಳ ಹಿಂದಿನ ಬ್ರೇಕು ಸವೆದಿದೆ. ಅದನ್ನು ಅವಳಿಗೆ ಹೇಳಲಿಲ್ಲ.

ಹದಿನೇಳನೆಯ ನಂಬರಿನವನು ಅವಳ ಹಿಂದೆಯೇ ನಿಂತಿದ್ದ. ಒಂದು ನಿಮಿಷ ತಡವಾಗಿದ್ದರೆ ಅವನದೇ ಸರದಿ.

ಜುಲೈ 2, ಮಂಗಳವಾರ. 7.50

ಅವನದೇ ಸರದಿ. ನಡೆದೆ.

ಸ್ಟ್ಯಾಂಡಿನಲ್ಲಿ ಮುಂದೆ ಯಾರಿದ್ದಾರೋ ಅವರ ಬೈಕನ್ನೇ ಹತ್ತಬೇಕು, ಆರಿಸುವಂತಿಲ್ಲ. ಪ್ರಾನೀ ಹಿಂದಿನಿಂದ ಕೂಗಿದಳು: "ಸರದಿ ಅಂದ್ರೆ ಸರದಿ ಸಾಹೇಬ್ರೆ. ಹೆಣ್ಣು ನೋಡಕ್ಕೆ ಬಂದೋರ ಹಾಗೆ ಮುಖ ತಿರುಗಿಸ್ಕೊಂಡು ಹೋದ್ರೆ ಹೇಗೆ?" ಉಳಿದವರು ನಕ್ಕರು.

ಹದಿನೇಳನೆಯವನು ನಗಲಿಲ್ಲ. ಮೂಗಿನ ಹೊಳ್ಳೆಗೆ ಸಿಕ್ಕಿಸಿಕೊಂಡಿದ್ದ, ನೆಗಡಿಗೆ ಮೂಸುವ ಪುದೀನ ನಳಿಕೆಯನ್ನು ತೆಗೆದು, ಜಾಕೆಟ್ಟಿಗೆ ಒರೆಸಿ, ಕೈಮುಗಿದ. ಆ ನಳಿಕೆಗಿಂತ ಅವನು ಕೈಮುಗಿದದ್ದೇ ಹೆಚ್ಚು ಹೇಸಿಗೆ ತರಿಸಿತು.

ಬುನ್‌ಲೆರ್ಟ್. ಕಳೆದ ವರ್ಷ ಮೇ ತಿಂಗಳಲ್ಲಿ ಔಷಧಿ ಅಂಗಡಿಯ ತಿರುವಿನಲ್ಲಿ ನನ್ನ ಹೆಂಡತಿ ರಂಪೈಯನ್ನು ಬೀಳಿಸಿದವನು. ಅವಳ ಬಲಮಂಡಿಯಲ್ಲಿ ಲೋಹದ ಪಟ್ಟಿ. ಕಾಲು ಇಂದಿಗೂ ಪೂರ್ತಿ ಮಡಚುವುದಿಲ್ಲ. ದೂರು ಕೊಟ್ಟವನು ನಾನು. ಎಂಟು ಕಲಂ, ಅಳತೆ ಸಹಿತ ನಕ್ಷೆ. ಇದೇ 15ರಂದು ಸಾರಿಗೆ ಕಚೇರಿಯಲ್ಲಿ ಅಂತಿಮ ವಿಚಾರಣೆ. ನನ್ನ ಹೇಳಿಕೆ ನಿಂತರೆ ಅವನ ಜಾಕೆಟ್ ಹೋಗುತ್ತದೆ. ಮತ್ತೆ ಈ ಗಲ್ಲಿಯಲ್ಲಿ ಬೈಕ್ ಓಡಿಸುವಂತಿಲ್ಲ.

ಇನ್ನು ಹದಿಮೂರು ದಿನ.

ಜುಲೈ 4, ಗುರುವಾರ. ಸಂಜೆ

ಊಟದ ಹೊತ್ತು ರಂಪೈಯನ್ನು ಕೇಳಿದೆ, "ನಿನ್ನೆ ಕಾಲಿನ ವ್ಯಾಯಾಮಕ್ಕೆ ಹೇಗೆ ಹೋದೆ?"

"ಹೋದೆ."

"ಟ್ಯಾಕ್ಸಿಯಲ್ಲಾ?"

"ಇನ್ನೊಂದು ತುಂಡು ಮೀನು ಹಾಕ್ಲಾ?"

ಹಾಕಿಸಿಕೊಂಡೆ.

ಜುಲೈ 9, ಮಂಗಳವಾರ. ಮಧ್ಯಾಹ್ನ 2.15

ಲಿಫ್ಟು ಪರೀಕ್ಷಿಸಬೇಕಿದ್ದ ಕಟ್ಟಡದಲ್ಲಿ ವಿದ್ಯುತ್ ಇಲ್ಲ, ಬೇಗ ಮರಳಿದೆ. ಗಲ್ಲಿಯ ಬಾಯಿಯಲ್ಲಿ ಚರಂಡಿ ಉಕ್ಕಿ ಹಿಮ್ಮಡಿ ಮುಳುಗುವಷ್ಟು ಕಪ್ಪು ನೀರು. ತೇಲುವ ಜಿರಲೆ, ಅನ್ನ, ಪ್ಲಾಸ್ಟಿಕ್ ಚೀಲ. ಅದರ ಪಕ್ಕದಲ್ಲೇ ಒಬ್ಬಳು ತಳ್ಳುಗಾಡಿಯಲ್ಲಿ ಕೆಂಡದ ಮೇಲೆ ಮೀನು ಸುಡುತ್ತಿದ್ದಾಳೆ. ಜನ ನಿಂತು ತಿನ್ನುತ್ತಿದ್ದಾರೆ.

ಆ ಗಾಡಿಯ ಹಿಂದೆ ಅಡಗಿ ನಿಂತೆ. ಅಡಗಿದೆ — ಬೇರೆ ಪದವಿಲ್ಲ.

ಹದಿನೇಳನೆಯವನ ಬೈಕ್ ನೀರು ಸೀಳಿ ಬರುತ್ತಿತ್ತು. ಹಿಂದೆ, ಒಂದೇ ಪಕ್ಕಕ್ಕೆ ಕಾಲು ಹಾಕಿ ಕುಳಿತ ರಂಪೈ. ಬಲಗೈ ಅವನ ಸೊಂಟದ ಸುತ್ತ. ವೇಗ ಗಂಟೆಗೆ ಹತ್ತು ಕಿಲೋಮೀಟರ್ ಮೀರಿರಲಿಲ್ಲ. ಮಡಚದ ಕಾಲನ್ನು ಚಾಚಿಡಲು ಚೌಕಟ್ಟಿಗೆ ಒಂದು ಕಬ್ಬಿಣದ ತಗಡು ಬೆಸೆದಿದ್ದಾನೆ. ಬೆಸುಗೆ ಒರಟು. ಆದರೆ ಗಟ್ಟಿ.

ಅವಳು ನಗುತ್ತಿದ್ದಳು.

ಮೂಗಿಗೆ ಕರವಸ್ತ್ರ ಹಿಡಿದೆ. ಚರಂಡಿಗಾಗಿ ಎಂದುಕೊಂಡೆ.

ಜುಲೈ 10, ಬುಧವಾರ. 7.40

ಪ್ರಾನೀ ಪಪ್ಪಾಯಿ ಕೋಸಂಬರಿ ತಿನ್ನುತ್ತಿದ್ದಳು. ಅದಕ್ಕೆ ಬೆರೆಸಿದ ಕೊಳೆಸಿದ ಮೀನಿನ ನಾತ ಸ್ಟ್ಯಾಂಡಿನ ತುಂಬಾ. ರಂಪೈ ಬಗ್ಗೆ ಒಂದೇ ಪ್ರಶ್ನೆ ಕೇಳಿದೆ. ಬೆರಳು ನೆಕ್ಕಿಕೊಂಡೇ ಹೇಳಿದಳು:

"ವರ್ಷದಿಂದ ಅಕ್ಕನ್ನ ಅವನೇ ಅಲ್ವಾ ಕರ್ಕೊಂಡು ಹೋಗೋದು. ಸರದಿ ಇಲ್ದಿದ್ರೂ ಬಿಟ್ಕೊಡ್ತೀವಿ, ಅಕ್ಕ ಒಬ್ರಿಗೆ ಮಾತ್ರ. ನಿಮಗೆ ಗೊತ್ತಿಲ್ವಾ?" ಆಮೇಲೆ ನನ್ನ ಮುಖ ನೋಡಿ, ತಿನ್ನುವುದನ್ನು ನಿಲ್ಲಿಸಿ, "ಅಯ್ಯೋ, ನಿಮಗೆ ಗೊತ್ತಿಲ್ಲ."

ಮೀನು ಸುಡುವವಳಿಗೆ ಗೊತ್ತು. ಔಷಧಿ ಅಂಗಡಿಯವನಿಗೆ ಗೊತ್ತು. 1,150 ಮೀಟರಿಗೂ ಗೊತ್ತು.

ಜುಲೈ 14, ಭಾನುವಾರ. ಸಂಜೆ 6.20

ಇಂದು ರಂಪೈಯನ್ನು ಕೇಳಿದೆ, ಬೀಳಿಸಿದವನ ಬೈಕೇ ಯಾಕೆ ಎಂದು. ಬಟ್ಟೆ ಮಡಿಸುತ್ತಲೇ ಹೇಳಿದಳು.

"ನಾನು ಬಿದ್ದ ದಿನ ನೀವು ಲಿಫ್ಟಿನ ಸರ್ಟಿಫಿಕೇಟ್ ಮರೆತು ಹೋಗಿದ್ರಿ. ರೈಲ್ವೆ ಸ್ಟೇಷನ್‌ಗೆ ತಂದುಕೊಡು ಅಂದ್ರಿ. ನೆನಪಿದ್ಯಾ?"

"ಇದೆ."

"ಮೂರು ಸಲ ಫೋನ್ ಮಾಡಿದ್ರಿ. ಎಲ್ಲಿದ್ದೀಯ, ಹೊರಟ್ಯಾ, ಅವನಿಗೆ ಬೇಗ ಓಡ್ಸಕ್ಕೆ ಹೇಳು. ನಾನು ಹೇಳ್ದೆ. ಅಕ್ಕ, ನೆಲ ಒದ್ದೆ ಇದೆ ಅಂದ. ಮತ್ತೆ ಹೇಳ್ದೆ. ಒಂದು ಕೈಲಿ ನಿಮ್ಮ ಕಾಗದ, ಇನ್ನೊಂದರಲ್ಲಿ ನಿಮ್ಮ ಫೋನು. ಹಿಡ್ಕೊಳ್ಳಕ್ಕೆ ನನಗೆ ಮೂರನೇ ಕೈ ಇರ್ಲಿಲ್ಲ."

"ಅವನು ಯಾಕೆ ಹೇಳಲಿಲ್ಲ?"

"ನಾನೇ ಬೇಡ ಅಂದೆ. ಗೊತ್ತಾದ್ರೆ ನೀವು ತಡ್ಕೊಳ್ಳಲ್ಲ ಅಂತ." ಅಂಗಿಯ ಕಾಲರು ಸರಿಮಾಡಿದಳು. "ನಾಳೆ ಏನ್ ಹೇಳ್ತೀರೋ ಹೇಳಿ. ಬುಧವಾರ ನಾನು ಅವನ ಬೈಕಲ್ಲೇ ಹೋಗೋದು. ಜಾಕೆಟ್ ಇರ್ಲಿ, ಬಿಡ್ಲಿ."

ಮಡಿಸಿದ ಬಟ್ಟೆಗಳೆಲ್ಲ ನನ್ನವು.

ಜುಲೈ 15, ಸೋಮವಾರ. ಬೆಳಿಗ್ಗೆ 6.05

ವಿಚಾರಣೆ ಒಂಬತ್ತಕ್ಕೆ. ನನ್ನ ಹೇಳಿಕೆಯ ತಿದ್ದುಪಡಿಯ ಕರಡು ಇಲ್ಲಿಯೇ ಬರೆದು ನೋಡುತ್ತೇನೆ.

'ಐದನೆಯ ಕಲಂ. ಸದರಿ ಸಮಯದಲ್ಲಿ ಪ್ರಯಾಣಿಕರಿಗೆ ಮೂರು ದೂರವಾಣಿ ಕರೆಗಳು ಬಂದಿದ್ದವು.'

ಬಂದಿದ್ದವು. ಮಳೆ ಬಂದಂತೆ, ನೆಗಡಿ ಬಂದಂತೆ. ಅಸಹ್ಯ. ಹೊಡೆದುಹಾಕಿದೆ.

'ಪ್ರಯಾಣಿಕರ ಕುಟುಂಬದ ಒಬ್ಬರು ಕರೆ ಮಾಡಿ ಅವಸರಪಡಿಸಿದ್ದು ಕಂಡುಬರುತ್ತದೆ.'

ಕುಟುಂಬದಲ್ಲಿ ಇರುವವರು ಇಬ್ಬರು. ಹೊಡೆದುಹಾಕಿದೆ.

'ಐದನೆಯ ಕಲಮಿನಲ್ಲಿ ಚಾಲಕನ ಅಜಾಗರೂಕತೆ ಎಂದು ಬರೆದದ್ದು ತಪ್ಪು. ಅವನು ನಿಧಾನವಾಗಿ ಹೋಗಬೇಕೆಂದಿದ್ದ. 7.41ಕ್ಕೆ, 7.44ಕ್ಕೆ, 7.46ಕ್ಕೆ ಕರೆ ಮಾಡಿ ವೇಗ ಹೆಚ್ಚಿಸುವಂತೆ ಒತ್ತಾಯಿಸಿದವನು —'

ಉಳಿದಿರುವುದು ಒಂದೇ ಪದ: ನಾನು.