ಹೆಪ್ಪಿಲ್ಲದ ಮೊಸರು

ಚಿಗಳ್ಳಿ, ಮುಂಡಗೋಡ ತಾಲ್ಲೂಕು
೧೩ ಅಕ್ಟೋಬರ್ ೨೦೨೫, ಸೋಮವಾರ

ಚಿ. ಸೌ. ತುಳಜಾಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಕುಶಲವನ್ನು ಆಮೇಲೆ ವಿಚಾರಿಸುತ್ತೇನೆ. ಮೊದಲು ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂದಿನ ಪತ್ರದಲ್ಲಿ ನಾನು, "ನಮ್ಮ ಮನೆಯಲ್ಲಿ ಶೇಂಗಾ ಹಾಲಿನ ಮೊಸರು ಹೆಪ್ಪುಗಟ್ಟಿದೆ, ಎಮ್ಮೆಯ ಹಾಲಿನ ಹನಿಯೂ ಅದನ್ನು ಸೋಕಿಲ್ಲ, ರೀನಾಳನ್ನು ಕರೆದುಕೊಂಡು ದೀಪಾವಳಿಗೆ ಧೈರ್ಯವಾಗಿ ಬಾ" ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಸುಳ್ಳೆಂದು ತಿಳಿಯದೆ ಬರೆದದ್ದು. ಆದರೂ ಅದರ ಕೆಳಗೆ ನನ್ನ ಸಹಿ ಇದೆ. ಆ ಪತ್ರವನ್ನು ನಂಬಿ ಹೊರಡಬೇಡ.

ದಸರೆಯ ಮರುದಿನ ದೂರವಾಣಿಯಲ್ಲಿ "ಬರಬೇಡ" ಎಂದಷ್ಟೇ ಹೇಳಿದೆ. ನೀನು "ಯಾಕಪ್ಪಾ?" ಎಂದೆ. ನಾನು ಫೋನು ಇಟ್ಟುಬಿಟ್ಟೆ. ಆ ಪ್ರಶ್ನೆಗೆ ಉತ್ತರವಾಗಿ ಈ ಪತ್ರ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದೆ. ಅದಕ್ಕಾಗಿಯೇ ಇಷ್ಟು ತಡ. ಸಿಟ್ಟು ಇಳಿಯಲಿಲ್ಲ. ಇದ್ದಂತೆಯೇ ಬರೆಯುತ್ತಿದ್ದೇನೆ, ಕ್ಷಮಿಸು.

ನೀನು ಮೊಬೈಲಿಗೆ ಕಳುಹಿಸಿದ ಪಾಕಕ್ರಮಗಳನ್ನೆಲ್ಲ ಅಕ್ಷರ ಬಿಡದೆ ಓದಿದ್ದೇನೆ. ಪ್ರತಿಯೊಂದೂ "ಸುಲಭ" ಎಂಬ ಮಾತಿನಿಂದಲೇ ಆರಂಭವಾಗುತ್ತದೆ. ಸುಲಭವಾದ ಸಸ್ಯಜನ್ಯ ಹಾಲು, ಸುಲಭವಾದ ಸಸ್ಯಜನ್ಯ ತುಪ್ಪ, ಹತ್ತೇ ನಿಮಿಷಗಳಲ್ಲಿ ಪನೀರು. ಬರೆದವರು ಯಾರೋ ತಿಳಿಯದು. ಎಮ್ಮೆ ಕಟ್ಟಿದ ಮನೆಯಲ್ಲಿ ನಿಂತು ಬರೆದವರಂತೂ ಅಲ್ಲ. ನಮ್ಮಲ್ಲಿ ಹಾಲು ಪಾತ್ರೆಯಲ್ಲಿ ಮಾತ್ರ ಇದ್ದಿದ್ದರೆ ಎತ್ತಿ ಹೊರಗಿಡಬಹುದಿತ್ತು. ಅದು ಸೆರಗಿನಲ್ಲಿದೆ, ಬಾಗಿಲ ಚಿಲಕದ ಮೇಲಿದೆ, ಉಪ್ಪಿನ ಡಬ್ಬಿಯ ಮುಚ್ಚಳಕ್ಕೂ ಅಂಟಿದೆ. ಎಲ್ಲಕ್ಕಿಂತ ಹೆಚ್ಚಾಗಿ ಈ ಮನೆಯವರ ತಲೆಯಲ್ಲಿದೆ.

ಯುಗಾದಿಯ ದಿನ ನಡೆದುದನ್ನು ನಾವಿಬ್ಬರೂ ಒಂದೇ ರೀತಿ ನೆನೆಯುತ್ತೇವೆ: ನಿನ್ನ ಅವ್ವ ಒಂದು ತುಂಡು ಗಿಣ್ಣ ಕೊಟ್ಟಳು, ರೀನಾಳ ತುಟಿ ಊದಿತು, ಉಸಿರು ಸಿಳ್ಳೆ ಹೊಡೆಯತೊಡಗಿತು, ಗ್ಯಾರೇಜಿನ ಮನ್ಸೂರ ತನ್ನ ಗಾಡಿಯಲ್ಲಿ ನಿಮ್ಮನ್ನು ಹುಬ್ಬಳ್ಳಿಗೆ ಒಯ್ದ. ಹಾಲಿನ ಅಂಶ ಯಾವ ರೂಪದಲ್ಲಿಯೂ ಮಗುವಿಗೆ ಒಗ್ಗದು, ಮತ್ತೊಮ್ಮೆ ಹೀಗಾದರೆ ಉಳಿಸಿಕೊಳ್ಳುವುದು ಕಷ್ಟ ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದರು. ಆದರೆ ಇಲ್ಲಿ ಅದನ್ನು ಬೇರೆ ಬೇರೆಯಾಗಿ ನೆನೆಯುತ್ತಾರೆ. ನಿನ್ನ ತಮ್ಮ ಅಜಯ, "ಕೂಸಿಗೆ ಬಿಸಲ ಬಡದಿತ್ತಪ್ಪ, ಅಷ್ಟ" ಎನ್ನುತ್ತಾನೆ. ನಿನ್ನ ಅವ್ವ ಇಂದಿಗೂ ಅದೇ ವಾದ ಮಾಡುತ್ತಾಳೆ: "ತುಳಜಾ ಹಾಲ ಕೊಡಬ್ಯಾಡ ಅಂದಿದ್ಲು. ಕೊಟ್ಟೇನೇನು? ಗಿಣ್ಣ ಕೊಡಬ್ಯಾಡ ಅಂತ ಅಂದಿದ್ದಿಲ್ಲಲ್ಲ."

ಇದು ಮೊಂಡುತನವಲ್ಲವೆಂದು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು. ಅವಳ ಲೆಕ್ಕದಲ್ಲಿ ಕರೆದದ್ದು ಹಾಲು, ಕಡೆದದ್ದು ಬೆಣ್ಣೆ, ಅದು ಬೇರೆ, ಕಾಸಿದ್ದು ತುಪ್ಪ, ಅದು ಔಷಧ, ಮಜ್ಜಿಗೆಯೆಂದರೆ ನೀರು. ಎಮ್ಮೆ ಈದ ಮೊದಲ ದಿನಗಳ ಗಿಣ್ಣ ದೇವರಿಗೂ ಮಕ್ಕಳಿಗೂ ಸೇರಿದ್ದು. ಇವೆಲ್ಲದರೊಳಗೆ ಒಂದೇ ವಸ್ತು ಅಡಗಿದೆಯೆಂದು ಅವಳಿಗೆ ವಿವರಿಸಲು ಮೂವತ್ತು ವರ್ಷ ಕನ್ನಡ ಕಲಿಸಿದ ನನ್ನಿಂದ ಆಗಲಿಲ್ಲ.

ಆದ್ದರಿಂದ ನಾನೇ ಒಲೆಯ ಮುಂದೆ ಕುಳಿತೆ. ಹಿಂದಿನ ಪಡಸಾಲೆಯ ಮೂಲೆಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ, ಸೋಸಲು ಬೇರೆ ಬಟ್ಟೆ. ಶೇಂಗಾ ರೀನಾಳಿಗೆ ಒಗ್ಗುತ್ತದೆಂದು ವೈದ್ಯರಿಂದ ನೀನು ಖಚಿತಪಡಿಸಿಕೊಂಡು ತಿಳಿಸಿದ್ದರಿಂದ ಅದನ್ನೇ ನೆನೆಸಿ, ಸಿಪ್ಪೆ ತೆಗೆದು, ಅರೆದು, ಹಿಂಡಿದೆ. ಆ ಹಾಲನ್ನು ಚಹಾಕ್ಕೆ ಹಾಕಿದರೆ ಒಡೆದು ತಳಕ್ಕೆ ಕುಳಿತಿತು. ತುಪ್ಪಕ್ಕೆ ಬದಲಾಗಿ ಎಣ್ಣೆಯಲ್ಲಿ ಪೇರಲದ ಎಲೆ, ಕರಿಬೇವು, ಚಿಟಿಕೆ ಅರಿಸಿನ ಹಾಕಿ ಕಾಸಬೇಕೆಂದು ನಿನ್ನ ಪಾಕಕ್ರಮ ಹೇಳಿತು, ಕಾಸಿದೆ. ಬಣ್ಣ ತುಪ್ಪದ್ದೇ ಬಂತು. ಅಜಯ ಹೋಳಿಗೆಯ ಮೇಲೆ ಸುರಿದುಕೊಂಡು ಒಂದು ತುತ್ತು ತಿಂದು, "ಅಪ್ಪಾ, ಇದನ್ನ ಹಚ್ಚಿಕೊಂಡರ ಮೊಣಕಾಲ ಬ್ಯಾನಿ ಹೋಗ್ತೈತೇನು?" ಎಂದ. ಟಿಬೇಟಿಯನ್ನರ ಕ್ಯಾಂಪಿಗೆ ಹೋಗಿ ಸೋಯಾದ ಗಟ್ಟಿ ತಂದೆ, ಟೋಫು ಎನ್ನುತ್ತಾರೆ. ಅದು ಮಾತ್ರ ಖಾರ ಹಚ್ಚಿ ಹುರಿದಾಗ ರುಚಿಯಾಗಿತ್ತು. ಅಜಯ ಎರಡನೆಯ ಸಲ ಬಡಿಸಿಕೊಂಡ. ಅದು ಏನೆಂದು ಹೇಳಿದ ಕೂಡಲೇ ತಟ್ಟೆ ಸರಿಸಿದ. "ಎಮ್ಮಿ ಮನ್ಯಾಗ ಕಾಳಿನ ಪನೀರ! ಹೊರಗ ಹೇಳಬ್ಯಾಡಪ್ಪ. ಡೇರಿಯವರು ನಮ್ಮ ಹಾಲ ತಗೊಳ್ಳೂದ ಬಿಟ್ಟಾರು."

ನಗಬೇಕೆನಿಸಿದರೆ ನಗು. ನನಗೆ ನಗು ಬರಲಿಲ್ಲ. ಅಂಗಡಿಯಲ್ಲಿ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಓದುತ್ತ ನಿಂತರೆ ಅಂಗಡಿಯವನು, "ಅದರಾಗೇನ ಓದ್ತೀರಿ ಮಾಸ್ತರ, ಪಾಠ ಐತೇನು? ಹಾಲ ಇಲ್ರಿ, ಬರೇ ಬಿಸ್ಕೀಟ" ಎಂದ. ಇರುವೆಯ ಕಾಲಿನಷ್ಟು ಸಣ್ಣ ಅಕ್ಷರಗಳಲ್ಲಿ ಹಾಲಿನ ಪುಡಿ ಇತ್ತು. ತೋರಿಸಿದೆ. "ಪುಡಿ ಐತ್ರಿ ಅದು, ಹಾಲೇನಲ್ಲಲ್ಲ" ಎಂದ. ಯಾರ ಬಳಿ ಹೋದರೂ ಕೇಳುವುದು ಒಂದೇ ಮಾತು: ಇಷ್ಟರಿಂದ ಏನಾಗ್ತೈತ್ರಿ? ಇಷ್ಟರಿಂದ ಏನಾಗುತ್ತದೆಂದು ಆ ಗಾಡಿಯಲ್ಲಿ ಕುಳಿತಿದ್ದವರಿಗೆ ಗೊತ್ತು.

ಇಷ್ಟೆಲ್ಲ ಏಕೆ ಮಾಡಿದೆನೆಂದು ನೀನು ಕೇಳುವುದಿಲ್ಲ, ನಿನಗೆ ಗೊತ್ತಿದೆ. ಶ್ರಾವಣದಲ್ಲಿ ಒಮ್ಮೆ ರೀನಾ ನಿನ್ನ ಮೊಬೈಲು ಕಸಿದುಕೊಂಡು ನನ್ನನ್ನು ಕೇಳಿದಳು: "ಅಜ್ಜಾ, ಬಾಯಿ ಉರಿಯದಂಥ ಗಿಣ್ಣ ಮಾಡಾಕ ಬರ್ತೈತೇನು ನಿನಗ?" ಪ್ರಾಣಕ್ಕೆ ಕುತ್ತು ತಂದ ತಿನಿಸನ್ನೇ ಆ ಕೂಸು ಇನ್ನೂ ಬಯಸುತ್ತಿದೆ. ಐದು ವರ್ಷದ ನಾಲಗೆಗೆ ಭಯ ಗೊತ್ತಿಲ್ಲ, ರುಚಿ ಗೊತ್ತು. ಆ ದಿನವೇ ನಿಶ್ಚಯಿಸಿದೆ: ಈ ದೀಪಾವಳಿಗೆ ಅವಳು ತನ್ನ ಅಜ್ಜಿಯ ಮನೆಯಲ್ಲಿ, ಎಲ್ಲರ ಸಾಲಿನಲ್ಲಿ ಕುಳಿತು, ಯಾರೂ ಹೆದರದೆ ಉಣ್ಣಬೇಕು.

ಗಿಣ್ಣದಲ್ಲಿ ಗೆದ್ದೆ. ಹೊಲದಲ್ಲಿ ತಡವಾಗಿ ಬಿತ್ತಿದ ಗೋವಿನಜೋಳ ಇನ್ನೂ ಎಳೆಯದಿದೆ. ಕಾಳನ್ನು ಅರೆದು, ಹಿಂಡಿ, ಬೆಲ್ಲ ಏಲಕ್ಕಿ ಬೆರೆಸಿ ಹಬೆಯಲ್ಲಿ ಬೇಯಿಸಿದರೆ ತಾನಾಗಿಯೇ ಗಟ್ಟಿಯಾಗುತ್ತದೆ, ಕೊಯ್ದರೆ ನಡುಗುತ್ತದೆ. ಸೋತದ್ದು ಮೊಸರಿನಲ್ಲಿ. ಹೆಪ್ಪಿನ ಬದಲು ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಉಗುರುಬೆಚ್ಚಗಿನ ಶೇಂಗಾ ಹಾಲಿನಲ್ಲಿ ಬಿಡಬೇಕಂತೆ. ಮೊದಲ ಸಲ ನೀರೇ ಉಳಿಯಿತು. ಎರಡನೆಯ ಸಲ ನಾರಿತು. ಮೂರನೆಯ ಸಲ ಬೆಳಗ್ಗೆ ಮುಚ್ಚಳ ತೆಗೆದರೆ ಕೊರೆದಿಟ್ಟಂಥ ಮೊಸರು! ಆ ಸಂತೋಷದಲ್ಲಿಯೇ ನಿನಗೆ ಹಿಂದಿನ ಪತ್ರ ಬರೆದು, ಮುಖ್ಯೋಪಾಧ್ಯಾಯನಂತೆ ತೇದಿಗಳ ಪಟ್ಟಿಯನ್ನೂ ಹಾಕಿದೆ. ಅದೇ ಮೊಸರಿನಿಂದ ಮುಂದಿನ ಮೊಸರಿಗೂ ಹೆಪ್ಪು ಹಾಕುತ್ತ ಹೋದೆ.

ದಸರೆಯ ಮರುದಿನ ಮನ್ಸೂರ ತನ್ನ ಮಗಳು ನಸೀರಾಳನ್ನು ನೋಡಲು ನಿಮ್ಮ ದಾಂಡೇಲಿಗೆ ಹೊರಟಿದ್ದ. ಹಬ್ಬದವರೆಗೆ ಕಾಯುವುದೇಕೆ, ರೀನಾ ಮೊದಲೇ ರುಚಿ ನೋಡಲಿ ಎಂದು ಒಂದು ಬರಣಿ ತುಂಬಿ, ಬಟ್ಟೆ ಕಟ್ಟಿ ಅವನ ಕೈಗೆ ಕೊಟ್ಟೆ. ನಿನ್ನ ಅವ್ವ ಬಾಗಿಲಿಗೆ ಬಂದು ನಿಂತಳು. ಮುಖದ ತುಂಬ ನಗು.

"ಮನ್ಸೂರಣ್ಣ, ಮಾಸ್ತರ ತಾವ ಮಾಡೀನಿ ಅಂತ ಊರ ತುಂಬಾ ಹೇಳ್ಯಾರ. ಹೆಪ್ಪ ನಾ ಹಾಕೀನಿ, ಗೊತ್ತೇನು?"

ನಾನು, "ಯಾವ ಹೆಪ್ಪು?" ಎಂದೆ.

"ಯಾವುದಂದ್ರ? ಮನೀದು. ಮೆಣಸಿನಕಾಯಿ ತೊಟ್ಟಿನಿಂದ ಎಲ್ಲೆರ ಮೊಸರ ಆಗ್ತೈತೇನ್ರಿ? ಎರಡ ಸಲ ಕೆಟ್ಟಿತ್ತು. ನೀವು ಗಡಿಗಿ ಮುಂದ ಕುಂತಿದ್ದು ನೋಡಾಕ ಆಗ್ಲಿಲ್ಲ ನನಗ. ಬೊಟ್ಟ ಅದ್ದೀನಿ, ಅಷ್ಟ."

ನಾನು ಆಗ ಆಡಿದ ಮಾತುಗಳನ್ನು ಬರೆಯಲಾರೆ. ವ್ಯಾಕರಣದಲ್ಲಿ ದೋಷವಿರಲಿಲ್ಲ, ಉಳಿದೆಲ್ಲ ದೋಷವೇ. ಮನ್ಸೂರ ಬರಣಿಯನ್ನು ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟು, "ಮಾಸ್ತರ, ವೈನಿಗೆ ಬೈಬ್ಯಾಡ್ರಿ. ಖರೆ ಇದನ್ನ ನಾ ಒಯ್ಯೂದಿಲ್ಲ. ಅವತ್ತ ಗಾಡಿ ಹೊಡದಾವ ನಾನು. ಹಿಂದಿನ ಸೀಟಿನ್ಯಾಗಿನ ಆ ಸಿಳ್ಳಿ ಇನ್ನೂ ಕೇಳಿದಂಗ ಆಗ್ತೈತಿ" ಎಂದು ಹೊರಟುಹೋದ. ಬರಣಿಯನ್ನು ನಾನು ತಿಪ್ಪೆಗೆ ಸುರಿದೆ. ನಿನ್ನ ಅವ್ವ ಅದನ್ನು ನೋಡುತ್ತ ನಿಂತಿದ್ದಳು. ಕಡೆಗೆ ಒಂದೇ ಕೇಳಿದಳು: "ಹಂಗಾದ್ರ ನನ್ನ ಕೈಲೆ ಮಾಡಿದ್ದು ಯಾವುದು ತಿನ್ನಾಕ ಬರ್ತೈತ್ರಿ ಆ ಕೂಸಿಗೆ?"

ಆ ಪ್ರಶ್ನೆಗೆ ನಿನ್ನ ಮೊಬೈಲಿನ ಸುಲಭ ಪಾಕಕ್ರಮಗಳಲ್ಲಿ ಉತ್ತರವಿದ್ದರೆ ತಿಳಿಸು.

ಈಗ ನನ್ನ ತೀರ್ಮಾನ. ನೀವು ಇಲ್ಲಿಗೆ ಬರುವುದು ಬೇಡ. ಈ ಮನೆಯಲ್ಲಿ ದುರುದ್ದೇಶ ಯಾರಿಗೂ ಇಲ್ಲ; ಇರುವುದೆಲ್ಲ ಪ್ರೀತಿಯೇ, ಆ ಪ್ರೀತಿಯ ಬೆರಳಿನಲ್ಲಿ ಹೆಪ್ಪಿದೆ. ಕಾವಲು ಕಾಯಲು ನನ್ನ ಎರಡು ಕಣ್ಣು ಸಾಲವು. ನಾನೇ ಯಲ್ಲಾಪುರದ ಮೇಲೆ ಹಾಯುವ ಬಸ್ಸು ಹಿಡಿದು ಬರುತ್ತೇನೆ. ಸಿಪ್ಪೆ ಸುಲಿಯದ ಗೋವಿನಜೋಳದ ತೆನೆಗಳನ್ನು ಹೊಲದಿಂದ ನೇರವಾಗಿ ಚೀಲಕ್ಕೆ ತುಂಬಿಕೊಳ್ಳುತ್ತೇನೆ, ಮನೆಯೊಳಗೆ ಒಯ್ಯುವುದಿಲ್ಲ. ಬೆಲ್ಲ ಏಲಕ್ಕಿ ನಿನ್ನಲ್ಲಿಯೇ ಇರಲಿ. ಅಳಿಯಂದಿರು ಕಿರಣಕುಮಾರರಿಗೆ ಕಾರ್ಖಾನೆಯಲ್ಲಿ ಯಾವ ಪಾಳಿಯೆಂದು ತಿಳಿಸು. ಅವರು ಮಲಗಿದ ಹೊತ್ತಿನಲ್ಲಿ ಮಿಕ್ಸರ್ ತಿರುಗಿಸಿ ಎಬ್ಬಿಸಬಾರದು.

ನಿಮ್ಮ ಮೂವರ ಉಸಿರು ಸರಾಗವಾಗಿರಲಿ. ರೀನಾಳ ಬಟ್ಟಲು ಎಂದೂ ಬರಿದಾಗದಿರಲಿ.

ಇಂತು ನಿನ್ನ ಅಪ್ಪ,
ಶಿವಯೋಗಿ

ಮರೆತ ಮಾತು: ಹಾಗೆಂದು ಬರೆದರೆ ಅದೂ ಸುಳ್ಳಾದೀತು. ಮರೆತಿರಲಿಲ್ಲ, ಸಹಿಯ ಮೇಲೆ ಬರೆಯಲು ಆಗಲಿಲ್ಲ. ಮೊಸರು ಚೆಲ್ಲಿದ ಆ ವಾರದ ರವಿವಾರ ನೀನು ಸ್ನಾನಕ್ಕೆ ಹೋಗಿದ್ದಾಗ ರೀನಾ ಮೊಬೈಲು ಎತ್ತಿಕೊಂಡಿದ್ದಳು. ನಿನ್ನ ಅವ್ವ, "ನೀವು ಬರೂದಿಲ್ಲಂತ, ನಾನ ಬರ್ಲೇನವಾ ನಿಮ್ಮ ಮನಿಗೆ?" ಎಂದು ಕೇಳಿದಳು. ಕೂಸು, "ಬ್ಯಾಡಜ್ಜಿ, ನಿನ್ನ ಕೈಯಾಗ ಹಾಲ ಇರ್ತೈತಿ" ಎಂದಿತು. ಬಿರುಸಾಗಿ ಅನ್ನಲಿಲ್ಲ, ಕಲಿತ ಪಾಠ ಒಪ್ಪಿಸುವಂತೆ ಅಂದಿತು. ನೀನು ಕಲಿಸಿದ್ದು ಸರಿ. ಇನ್ನೂ ಕಲಿಸು. ಅದಕ್ಕಾಗಿ ಅವಳನ್ನು ಬೈಯಬೇಡ.

ಅಂದಿನಿಂದ ನಿನ್ನ ಅವ್ವ ಎಮ್ಮೆ ಹಿಂಡಿಲ್ಲ. ಅಜಯ ಹಿಂಡುತ್ತಾನೆ, ಒದೆಸಿಕೊಳ್ಳುತ್ತಾನೆ. ನಿನ್ನ ಕರೆ ಬರುವ ಹೊತ್ತಾದರೆ ಅವಳು ಬಚ್ಚಲಿಗೆ ಹೋಗಿ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದುಕೊಂಡು ಬರುತ್ತಾಳೆ. ಆದರೂ ಮೊಬೈಲು ಮುಟ್ಟುವುದಿಲ್ಲ. ನಾನು ಅವಳ ಕಿವಿಗೆ ಹಿಡಿಯಬೇಕು. "ಫೋನಿನಾಗ ಹಾಯ್ದು ಹೋಗೂದಿಲ್ಲ ಅಂತ ಗೊತ್ತೈತ್ರಿ ನನಗ" ಎನ್ನುತ್ತಾಳೆ, ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು.

ಹಿಂದಿನ ಪತ್ರದ ತೇದಿಗಳನ್ನು ಹೀಗೆ ತಿದ್ದಿಕೊ:

೧೯ ಅಕ್ಟೋಬರ್, ರವಿವಾರ: ನೀವು ಚಿಗಳ್ಳಿಗೆ ಬರುವುದು ಎಂದಿತ್ತು. ನಾನು ದಾಂಡೇಲಿಗೆ ಬರುವುದು ಎಂದಾಗಬೇಕು.

೨೦ ಅಕ್ಟೋಬರ್, ಸೋಮವಾರ: ಶೇಂಗಾ ಮೊಸರಿನ ಊಟ ಎಂದಿತ್ತು. ಗೋವಿನಜೋಳದ ಗಿಣ್ಣ, ನಿನ್ನ ಪಾತ್ರೆ, ನಿನ್ನ ಬಟ್ಟೆ.

ಬಲಿಪಾಡ್ಯಮಿ: ೨೧ ಎಂದು ಬರೆದದ್ದು ನನ್ನ ಅಜಾಗರೂಕತೆ. ೨೨, ಬುಧವಾರ. ಎಮ್ಮೆಗಳ ಪೂಜೆಗೆ ಹಿಂದಿನ ದಿನವೇ ಮರಳುತ್ತೇನೆ.

೨೬ ಅಕ್ಟೋಬರ್, ರವಿವಾರ: ಅವ್ವ ನಿಮ್ಮೊಡನೆ ದಾಂಡೇಲಿಗೆ ಹೊರಟು ಒಂದು ತಿಂಗಳು ಇರುವುದು ಎಂದಿತ್ತು. ಹೊಡೆದುಹಾಕು. ಅದರ ಜಾಗದಲ್ಲಿ ನಾನು ಬೇರೆ ತೇದಿ ಬರೆಯುವುದಿಲ್ಲ. ಅಜ್ಜಿ ಬರಲಿ ಎಂದು ರೀನಾ ತಾನಾಗಿ ಅಂದ ದಿನ, ನೀನು ಬರೆದುಕೊ.