ಬೇಲಿ ಹಾರಿದವರ ಲೆಕ್ಕ

ತ್ರಿವೇಣಿ,

ಗೋವಿನಕೋವಿಗೆ ನಾಮಕರಣಕ್ಕೆ ಹೊರಟೀನಿ, ಸಂಜೆ ಬಸ್ಸಿಗೆ ಬರ್ತೀನಿ. ಮನೆಗೆ ಮಿಕ್ಕ ಹಾಲು ಕಾಸಿಟ್ಟೀನಿ. ಬೆಕ್ಕಿನ ಕಾಟ ಐತೆ, ತಟ್ಟೆ ಮೇಲೆ ಇಟ್ಟ ಭಾರ ತೆಗೀಬೇಡ. ಸಾರು ಬಿಸಿ ಮಾಡ್ಕೊಂಡು ಮೊದ್ಲು ಉಣ್ಣು, ನಿನ್ನೆನೂ ಸರಿಯಾಗಿ ಉಂಡಿಲ್ಲ.

ಲಾ ಕಾಲೇಜು ಸೇರೋ ಪರೀಕ್ಷೆ ಬರೆಯೋದೇ ಇಲ್ಲ ಅಂತ ನಿನ್ನ ಗಂಡನಿಗೆ ಹೇಳಿದ್ದು ಈ ಅತ್ತೆ ಕಿವಿಗೂ ಬಿತ್ತು. ಅಂಥಾದ್ದೇನು ತಪ್ಪಾಗೈತೆ ನೋಡಾನ ಅಂತ, ನೀನು ಡೈರಿಗೆ ಹಾಲು ಹಾಕಾಕೆ ಹೋದಾಗ ನಿನ್ನ ಕೋಣೆಗೆ ಹೋಗಿ ನೀನು ಅಭ್ಯಾಸಕ್ಕೆ ಬರೆದ ಆ ಪ್ರಶ್ನೆಪತ್ರಿಕೆ ತೆಗೆದೆ. ಇಂಗ್ಲಿಷ್ ಪ್ರಶ್ನೆ ಕೆಳಗೆ ಕನ್ನಡದಾಗೆ ಅರ್ಥ ಬರ್ಕೊಂಡಿದ್ದೆಯಲ್ಲ, ಹಂಗಾಗಿ ತಿಳೀತು.

ಒಪ್ಪಿಗೆ ಇಲ್ದೆ ಇನ್ನೊಬ್ಬರ ಜಾಗಕ್ಕೆ ಕಾಲಿಟ್ಟರೆ ತಪ್ಪು, ಕಾರಣ ಏನೇ ಇರಲಿ, ಅಂತ ನಿಯಮ ಕೊಟ್ಟಾರೆ. ಒಬ್ಬ ತನ್ನ ಕರು ಹಿಡಿಯಾಕೆ ಪಕ್ಕದವರ ಬೇಲಿ ಹಾರ್ತಾನೆ. ಅವನದು ತಪ್ಪಿಲ್ಲ ಅಂತ ಬರ್ದಿದೀಯ, ಅದಕ್ಕೆ ಮಾರ್ಕ್ಸ್ ಹೋಗೈತೆ. ನಾನಾದ್ರೂ ಹಂಗೇ ಬರೀತಿದ್ದೆ. ನಮ್ಮ ಕರು ಹಿಂದೆ ನೀನು ಬೇಲಿ ಹಾರಿದಾಗ ಪಕ್ಕದ ಮನೆ ಪ್ರಮೀಳಕ್ಕ ಮಜ್ಜಿಗೆ ಕುಡಿಸಿ ಕಳಿಸಿರಲಿಲ್ವಾ?

ಎಡವಿದ್ದು ಅಲ್ಲೇ ನೋಡು. ಕೊಟ್ಟ ನಿಯಮ ಬಿಟ್ಟು ಪ್ರಮೀಳಕ್ಕನ ಮಜ್ಜಿಗೆ ನೆನೆಸ್ಕೊಂಡು ಉತ್ತರ ಬರ್ದಿದೀಯ. ಅದು ದಡ್ಡತನ ಅಲ್ಲ. ಉಳಿದ ತಪ್ಪುಗಳೂ ಹಿಂಗೇ ಆಗ್ಯಾವಾ ಅಂತ ನಾನು ತಿಳ್ಕೊಬೇಕು, ಇವತ್ತು ಕೂತು ನೋಡಿಡು.

ಇನ್ನೊಂದು ಪ್ರಶ್ನೆ. ನಿನ್ನ ಒಳ್ಳೇದಕ್ಕೇ ಅಂತ, ನಿನ್ನ ಕೇಳದೆ ನಿನ್ನ ಕೋಣೆಗೆ ಹೋಗೀನಿ. ನನ್ನದು ತಪ್ಪೋ, ಅಲ್ವೋ? ಸಂಜೆ ಹೇಳು. ಅತ್ತೆ ಅಂತ ಬಿಟ್ಟರೆ ಮತ್ತೆ ಮಾರ್ಕ್ಸ್ ಹೋಗ್ತದೆ.